ಮನಾಗುವಾದ ಪಾಠ ಮತ್ತು ಚಿಕ್ಕೋಡಿ ಜಿಲ್ಲೆಯ ಪ್ರಶ್ನೆ

ಇಬ್ಬರ ಜಗಳದಲ್ಲಿ ಮೂರನೆಯವನಿಗೆ ಲಾಭ ಎಂಬ ಮಾತು ನಮ್ಮಲ್ಲಿ ಹಳೆಯದು. ಮಧ್ಯ ಅಮೆರಿಕದ ನಿಕರಾಗುವಾ ದೇಶದ ರಾಜಧಾನಿ ಮನಾಗುವಾದ ಚರಿತ್ರೆ ಈ ಗಾದೆಗೆ ಹೇಳಿ ಮಾಡಿಸಿದಂತಿದೆ. ಲಿಯೋನ್ ಮತ್ತು ಗ್ರಾನಡಾ ಎಂಬ ಎರಡು ಪ್ರಬಲ ನಗರಗಳು ರಾಜಧಾನಿಯ ಪಟ್ಟಕ್ಕಾಗಿ ದಶಕಗಳ ಕಾಲ ಸೆಣಸಾಡಿ, ಕೊನೆಗೆ ಆ ಪಟ್ಟ ನಡುವಿನ ಸಾಧಾರಣ ಊರಾದ ಮನಾಗುವಾಕ್ಕೆ ದಕ್ಕಿತು. ಬೆಳಗಾವಿ ಜಿಲ್ಲೆಯ ಉತ್ತರ ಭಾಗದಲ್ಲಿ ಜಿಲ್ಲಾ ಕೇಂದ್ರಕ್ಕಾಗಿ ನಡೆದಿರುವ ಪೈಪೋಟಿಯೂ ಇದಕ್ಕಿಂತ ಬಹಳ ಭಿನ್ನವಲ್ಲ. ಆದರೆ ಇಲ್ಲಿ ಮೂರನೆಯ ಊರಿಗೂ ಲಾಭವಾಗಿಲ್ಲ. ಲಾಭವಾದದ್ದು ಯಥಾಸ್ಥಿತಿಗೆ ಮಾತ್ರ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಜನ ಇಂದಿಗೂ ಸಣ್ಣಪುಟ್ಟ ಕೆಲಸಗಳಿಗೆ ಬೆಳಗಾವಿಯ ದಾರಿ ಹಿಡಿಯುತ್ತಲೇ ಇದ್ದಾರೆ.

ಮೊದಲು ಅಂಕಿಅಂಶಗಳನ್ನು ನೋಡೋಣ. 2011ರ ಜನಗಣತಿಯ ಪ್ರಕಾರ ಬೆಳಗಾವಿ ಜಿಲ್ಲೆಯ ಜನಸಂಖ್ಯೆ ಸುಮಾರು 47.8 ಲಕ್ಷ, ವಿಸ್ತೀರ್ಣ 13,415 ಚದರ ಕಿಲೋಮೀಟರ್. ನೆರೆಯ ಗೋವಾ ರಾಜ್ಯದ ವಿಸ್ತೀರ್ಣ 3,702 ಚದರ ಕಿಲೋಮೀಟರ್; ಅದೇ ಗಣತಿಯಲ್ಲಿ ಅದರ ಜನಸಂಖ್ಯೆ 15 ಲಕ್ಷಕ್ಕಿಂತ ಕಡಿಮೆ. ಅಂದರೆ ಮೂರು ಗೋವಾಗಳನ್ನು ಒಟ್ಟುಗೂಡಿಸಿದರೂ ಒಂದು ಬೆಳಗಾವಿಯಾಗದು. ನಮ್ಮದೇ ರಾಜ್ಯದ ಕೊಡಗು ಐದೂವರೆ ಲಕ್ಷ ಜನಸಂಖ್ಯೆಯ, ಎರಡು ವಿಧಾನಸಭಾ ಕ್ಷೇತ್ರಗಳ ಜಿಲ್ಲೆ. ಬೆಳಗಾವಿಯಲ್ಲಿರುವುದು 18 ವಿಧಾನಸಭಾ ಕ್ಷೇತ್ರಗಳು. ಎರಡೂ ಕಡೆ ಇರುವುದು ಒಬ್ಬೊಬ್ಬರೇ ಜಿಲ್ಲಾಧಿಕಾರಿ, ಒಂದೊಂದೇ ಜಿಲ್ಲಾ ಪಂಚಾಯಿತಿ. ಆಡಳಿತದ ದೃಷ್ಟಿಯಿಂದ ಈ ಅಸಮತೋಲನವನ್ನು ಸಮರ್ಥಿಸಿಕೊಳ್ಳುವುದು ಯಾರಿಗೂ ಸಾಧ್ಯವಿಲ್ಲ.

ದೂರದ ಲೆಕ್ಕ ಇನ್ನೂ ಕಠಿಣವಾದುದು. ಅಥಣಿಯಿಂದ ಬೆಳಗಾವಿಗೆ ಸುಮಾರು 140 ಕಿಲೋಮೀಟರ್. ತೆಲಸಂಗದಂತಹ ಅಥಣಿ ತಾಲ್ಲೂಕಿನ ಪೂರ್ವದ ಊರುಗಳಿಂದ ಅದು ಒಂದೂವರೆ ನೂರನ್ನೂ ಮೀರುತ್ತದೆ. ಜಿಲ್ಲಾಧಿಕಾರಿ ಕಚೇರಿಯಲ್ಲಿ ಒಂದು ಮೇಲ್ಮನವಿಯ ವಿಚಾರಣೆ ಇದ್ದರೆ ರೈತನಿಗೆ ಒಂದು ದಿನದ ದುಡಿಮೆ ಹೋಯಿತೆಂದೇ ಅರ್ಥ. ವಿಚಾರಣೆ ಮುಂದಕ್ಕೆ ಹೋದರೆ ಇನ್ನೊಂದು ದಿನ. ಇತ್ತ ಕಾಗವಾಡದಿಂದ ಮಹಾರಾಷ್ಟ್ರದ ಮೀರಜ್ ಅರ್ಧ ಗಂಟೆಯ ದಾರಿ. ನಿಪ್ಪಾಣಿಗೆ ಬೆಳಗಾವಿಗಿಂತ ಕೊಲ್ಹಾಪುರವೇ ಹತ್ತಿರ. ಆಸ್ಪತ್ರೆಗೆ, ವ್ಯಾಪಾರಕ್ಕೆ, ಮಕ್ಕಳ ಓದಿಗೆ ಜನ ಹತ್ತಿರದ ಊರಿಗೆ ಹೋಗುವುದು ಸಹಜ. ಸರ್ಕಾರವೊಂದೇ ಅವರಿಗೆ ದೂರ.

ಹಾಗೆಂದು ಚಿಕ್ಕೋಡಿ ಜಿಲ್ಲೆ ಎಂಬುದು ನಿನ್ನೆ ಮೊನ್ನೆ ಹುಟ್ಟಿದ ಕಲ್ಪನೆಯಲ್ಲ. ಶಿಕ್ಷಣ ಇಲಾಖೆಗೆ ಚಿಕ್ಕೋಡಿ ಪ್ರತ್ಯೇಕ ಶೈಕ್ಷಣಿಕ ಜಿಲ್ಲೆ. ಕಂದಾಯ ಇಲಾಖೆಗೆ ಉಪವಿಭಾಗ. ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಗೆ ಪ್ರತ್ಯೇಕ ವಿಭಾಗ. ವಾಹನ ನೋಂದಣಿಯಲ್ಲಿ ಕೆಎ 23 ಚಿಕ್ಕೋಡಿಯದು, ಕೆಎ 49 ಗೋಕಾಕದ್ದು. ಅಥಣಿಗೂ ಕೆಎ 71 ಬಂದಿದೆ. ಲೋಕಸಭೆಗೆ ಚಿಕ್ಕೋಡಿ ಹಳೆಯ ಕ್ಷೇತ್ರ. ಕೇಂದ್ರ ಸಚಿವರಾಗಿದ್ದ ಬಿ. ಶಂಕರಾನಂದ ಅವರು 1967ರಿಂದ 1991ರವರೆಗೆ ಸತತ ಏಳು ಬಾರಿ ಇಲ್ಲಿಂದಲೇ ಆರಿಸಿ ಬಂದರು. ಒಂದೊಂದು ಇಲಾಖೆಯೂ ತನ್ನ ಅನುಕೂಲಕ್ಕೆ ತಕ್ಕಂತೆ ಈ ಪ್ರದೇಶವನ್ನು ಜಿಲ್ಲೆಯೆಂದು ಒಪ್ಪಿಕೊಂಡಾಗಿದೆ. ಒಪ್ಪಿಕೊಳ್ಳಲು ಹಿಂಜರಿಯುತ್ತ ಬಂದಿರುವುದು ಸರ್ಕಾರ.

ಆ ಹಿಂಜರಿಕೆಗೆ ಒಂದು ಚರಿತ್ರೆಯಿದೆ. ಜಿಲ್ಲೆಗಳ ಪುನರ್‌ವಿಂಗಡಣೆಯನ್ನು ಪರಿಶೀಲಿಸಲು ವಾಸುದೇವರಾವ್, ಹುಂಡೇಕರ, ಗದ್ದಿಗೌಡರ ಹೆಸರಿನ ಸಮಿತಿಗಳು ಒಂದರ ಹಿಂದೆ ಒಂದು ಕುಳಿತವು. 1997ರಲ್ಲಿ ಜೆ.ಎಚ್. ಪಟೇಲರ ಸರ್ಕಾರ ಬಾಗಲಕೋಟೆ, ಗದಗ, ಹಾವೇರಿ, ಕೊಪ್ಪಳ, ದಾವಣಗೆರೆ, ಉಡುಪಿ, ಚಾಮರಾಜನಗರ ಎಂಬ ಏಳು ಹೊಸ ಜಿಲ್ಲೆಗಳನ್ನು ರಚಿಸಿತು. ಅದೇ ಸಂದರ್ಭದಲ್ಲಿ ಬೆಳಗಾವಿಯನ್ನು ವಿಭಜಿಸಿ ಚಿಕ್ಕೋಡಿ ಮತ್ತು ಗೋಕಾಕ ಜಿಲ್ಲೆಗಳನ್ನು ರಚಿಸುವ ಆದೇಶವನ್ನೂ ಹೊರಡಿಸಿತು. ಆದರೆ ವಿರೋಧ ಭುಗಿಲೆದ್ದಾಗ ಆ ಆದೇಶವನ್ನು ಹಿಂತೆಗೆದುಕೊಂಡಿತು. ಅನಂತರ 2007ರಲ್ಲಿ ರಾಮನಗರ ಮತ್ತು ಚಿಕ್ಕಬಳ್ಳಾಪುರ, ಮುಂದೆ ಯಾದಗಿರಿ, 2021ರಲ್ಲಿ ವಿಜಯನಗರ ಜಿಲ್ಲೆಗಳು ಹುಟ್ಟಿಕೊಂಡವು. ಬೆಳಗಾವಿಯಲ್ಲಿ ನಿಪ್ಪಾಣಿ, ಕಾಗವಾಡ, ಮೂಡಲಗಿಯಂತಹ ಹೊಸ ತಾಲ್ಲೂಕುಗಳಾದವು. ತಾಲ್ಲೂಕುಗಳು ಹೆಚ್ಚಾದಷ್ಟೂ ಅವುಗಳ ಮೇಲಿನ ಒಂದೇ ಜಿಲ್ಲಾಡಳಿತದ ಭಾರ ಹೆಚ್ಚಾಯಿತೇ ಹೊರತು ಜಿಲ್ಲೆ ಮಾತ್ರ ಒಡೆಯಲಿಲ್ಲ.

ಇದಕ್ಕೆ ಮುಖ್ಯವಾಗಿ ಎರಡು ಕಾರಣಗಳು. ಒಂದು, ಗಡಿವಿವಾದ. ಎರಡು, ಊರು ಊರುಗಳ ನಡುವಿನ ಪೈಪೋಟಿ. ಚಿಕ್ಕೋಡಿಗೆ ಕೊಟ್ಟರೆ ಗೋಕಾಕಕ್ಕೆ ಏಕಿಲ್ಲ, ಗೋಕಾಕಕ್ಕೆ ಕೊಟ್ಟರೆ ಅಥಣಿಗೆ ಏಕಿಲ್ಲ, ಬೈಲಹೊಂಗಲಕ್ಕೆ ಏಕಿಲ್ಲ ಎಂಬ ಪ್ರಶ್ನೆಗಳು ಏಳುತ್ತವೆ. ಒಂದೊಂದು ಊರಿಗೂ ತನ್ನ ವಾದವಿದೆ, ಆ ವಾದದಲ್ಲಿ ತಿರುಳೂ ಇದೆ. ಎಲ್ಲರ ವಾದವೂ ಸರಿಯೆಂದ ಸರ್ಕಾರಗಳು ಯಾರಿಗೂ ಏನನ್ನೂ ಕೊಡದೆ ಪಾರಾಗಿವೆ. ಮನಾಗುವಾದ ಕತೆ ನಮಗೆ ಉಪಯುಕ್ತವಾಗುವುದು ಇಲ್ಲಿ.

ಲಿಯೋನ್ ಮತ್ತು ಗ್ರಾನಡಾ ಎರಡನ್ನೂ 1524ರಲ್ಲಿ ಸ್ಥಾಪಿಸಿದವನು ಒಬ್ಬನೇ. ಸ್ಪೇನಿನ ಫ್ರಾನ್ಸಿಸ್ಕೋ ಹೆರ್ನಾಂಡೆಜ್ ದ ಕೊರ್ಡೋಬಾ. ಲಿಯೋನ್ ಧರ್ಮಪೀಠದ, ಓದುಬರಹದ, ಉದಾರವಾದಿಗಳ ನಗರವಾಗಿ ಬೆಳೆಯಿತು. ಗ್ರಾನಡಾ ವರ್ತಕರ, ಭೂಮಾಲೀಕರ, ಸಂಪ್ರದಾಯವಾದಿಗಳ ನಗರವಾಯಿತು. 1821ರಲ್ಲಿ ಸ್ಪೇನಿನ ಆಳ್ವಿಕೆ ಕೊನೆಗೊಂಡ ಮೇಲೆ ಯಾವ ಪಕ್ಷ ಗೆದ್ದರೆ ಆ ಪಕ್ಷದ ಊರೇ ಸರ್ಕಾರದ ಬಿಡಾರವಾಗುತ್ತಿತ್ತು. ಈ ಕಚ್ಚಾಟಕ್ಕೆ ಪರಿಹಾರವೆಂದು 1852ರಲ್ಲಿ ಸರೋವರದ ದಂಡೆಯ ಮನಾಗುವಾವನ್ನು ರಾಜಧಾನಿಯೆಂದು ಸಾರಲಾಯಿತು. ಅದಕ್ಕೆ ನಗರದ ಪದವಿ ಸಿಕ್ಕಿದ್ದೇ 1846ರಲ್ಲಿ. ಅದರ ದೊಡ್ಡ ಅರ್ಹತೆಯೆಂದರೆ ಅದು ಲಿಯೋನ್ ಆಗಿರಲಿಲ್ಲ, ಗ್ರಾನಡಾವೂ ಆಗಿರಲಿಲ್ಲ.

ಆದರೆ ಘೋಷಣೆಯಿಂದ ಜಗಳ ನಿಲ್ಲಲಿಲ್ಲ. ಎರಡೇ ವರ್ಷಗಳಲ್ಲಿ, 1854ರಲ್ಲಿ, ಅಂತರ್ಯುದ್ಧ ಹೊತ್ತಿಕೊಂಡಿತು. ಗ್ರಾನಡಾವನ್ನು ಸೋಲಿಸಲು ಲಿಯೋನಿನವರು ವಿಲಿಯಂ ವಾಕರ್ ಎಂಬ ಅಮೆರಿಕದ ಬಾಡಿಗೆ ದಂಡನಾಯಕನನ್ನು ಕರೆಸಿಕೊಂಡರು. ಬಂದವನು ಗ್ರಾನಡಾವನ್ನು ಗೆದ್ದು, 1856ರಲ್ಲಿ ತಾನೇ ದೇಶದ ಅಧ್ಯಕ್ಷನೆಂದು ಘೋಷಿಸಿಕೊಂಡು, ಗುಲಾಮಗಿರಿಯನ್ನು ಮತ್ತೆ ಕಾನೂನುಬದ್ಧಗೊಳಿಸಿದ. ಆತನ ಪಡೆ ಹಿಮ್ಮೆಟ್ಟುವಾಗ ಗ್ರಾನಡಾವನ್ನು ಸುಟ್ಟು ಬೂದಿ ಮಾಡಿತು. ನೆರೆಯ ದೇಶಗಳ ಸೈನ್ಯಗಳು ಕೂಡಿ 1857ರಲ್ಲಿ ಅವನನ್ನು ಹೊರಗಟ್ಟಿದ ಬಳಿಕವೇ, ಎರಡೂ ಕಡೆಯವರು ಬುದ್ಧಿ ಕಲಿತು ಮನಾಗುವಾವನ್ನು ಮನಸಾರೆ ಒಪ್ಪಿಕೊಂಡದ್ದು. ಕಚೇರಿಯ ಫಲಕ ಬದಲಾದ ಮಾತ್ರಕ್ಕೆ ಊರುಗಳ ಮನಸ್ಸು ಬದಲಾಗದು ಎಂಬುದು ಇದರ ಮೊದಲ ಪಾಠ.

ಎರಡನೆಯ ಪಾಠ ಇನ್ನೂ ಘೋರವಾದುದು. ರಾಜಧಾನಿಯನ್ನು ಆರಿಸುವಾಗ ರಾಜಕೀಯದ ನಕ್ಷೆಯನ್ನಷ್ಟೇ ನೋಡಿದ್ದರು. ನೆಲದ ಅಡಿಯಲ್ಲಿ ಏನಿದೆ ಎಂಬ ಅರಿವು ಆ ಕಾಲದಲ್ಲಿ ಇರಲಿಲ್ಲ. ಮನಾಗುವಾ ಹಲವು ಭೂಸ್ತರ ಭಂಗಗಳ ಮೇಲೆ ಕುಳಿತ ಊರು. 1931ರ ಮಾರ್ಚ್ 31ರ ಭೂಕಂಪ ಅದನ್ನು ನೆಲಸಮ ಮಾಡಿತು. ಮತ್ತೆ ಅಲ್ಲಿಯೇ ಕಟ್ಟಿದರು. 1972ರ ಡಿಸೆಂಬರ್ 23ರ ಭೂಕಂಪದಲ್ಲಿ ಸಾವಿರಾರು ಜನ ಸತ್ತು ಲಕ್ಷಾಂತರ ಜನ ಮನೆ ಕಳೆದುಕೊಂಡರು. ಜಗತ್ತಿನ ನಾನಾ ಕಡೆಯಿಂದ ಹರಿದು ಬಂದ ನೆರವು ಸೊಮೋಜಾ ಆಡಳಿತದ ಪಾಲಾಯಿತೆಂಬ ಆಕ್ರೋಶವೇ 1979ರಲ್ಲಿ ಆ ಆಡಳಿತವನ್ನು ಉರುಳಿಸಿದ ಕ್ರಾಂತಿಗೆ ಒಂದು ಮುಖ್ಯ ಪ್ರೇರಣೆಯಾಯಿತು. ನಗರದ ಹಳೆಯ ಕೇಂದ್ರಭಾಗವಂತೂ ಮೊದಲಿನಂತೆ ಮತ್ತೆ ಎದ್ದು ನಿಲ್ಲಲಿಲ್ಲ. ಈಗಲೂ ಅಲ್ಲಿ ವಿಳಾಸ ಹೇಳುವಾಗ ಎಂದೋ ಬಿದ್ದುಹೋದ ಕಟ್ಟಡವನ್ನು ಗುರುತಾಗಿಟ್ಟುಕೊಂಡು, ಅಲ್ಲಿಂದ ಸರೋವರದ ಕಡೆಗೆ ಇಷ್ಟು ದೂರ ಎನ್ನುವ ರೂಢಿಯಿದೆ.

ಮೂರನೆಯದು ಹಿತಕರವಾದ ಪಾಠ. ರಾಜಧಾನಿ ಕೈತಪ್ಪಿದರೂ ಲಿಯೋನ್ ಹಾಳಾಗಲಿಲ್ಲ. 1812ರಿಂದ ಬಂದ ವಿಶ್ವವಿದ್ಯಾಲಯದ ಪರಂಪರೆಯೂ ಹೆಸರಾಂತ ಕೆಥೆಡ್ರಲ್ಲೂ ಅಲ್ಲಿಯೇ ಉಳಿದವು. ಸುಟ್ಟುಹೋದ ಗ್ರಾನಡಾವೂ ಮತ್ತೆ ಎದ್ದು ನಿಂತಿತು. ಒಂದು ಊರಿನ ಬಾಳುವೆ ಅಲ್ಲಿರುವ ಸರ್ಕಾರಿ ಕಚೇರಿಗಳ ಸಂಖ್ಯೆಯೊಂದರ ಮೇಲೆಯೇ ನಿಂತಿರುವುದಿಲ್ಲ.

ಈ ಮೂರು ಪಾಠಗಳನ್ನು ಕೃಷ್ಣಾ ತೀರಕ್ಕೆ ಅನ್ವಯಿಸಿ ನೋಡಬಹುದು.

ಮೊದಲಿಗೆ ಗಡಿಯ ಪ್ರಶ್ನೆ. ಬೆಳಗಾವಿಯನ್ನು ಒಡೆದರೆ ಉಳಿದ ಭಾಗದಲ್ಲಿ ಮರಾಠಿ ಭಾಷಿಕರ ಪ್ರಮಾಣ ಹೆಚ್ಚಿ, ಗಡಿವಿವಾದದಲ್ಲಿ ಕರ್ನಾಟಕದ ಪಕ್ಷ ದುರ್ಬಲವಾಗುತ್ತದೆ ಎಂಬುದು 1997ರಲ್ಲಿ ಕನ್ನಡಪರ ಸಂಘಟನೆಗಳು ವ್ಯಕ್ತಪಡಿಸಿದ ಆತಂಕ. ಮಹಾರಾಷ್ಟ್ರ 2004ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ ಮೇಲೆ ಆ ಆತಂಕ ಇನ್ನಷ್ಟು ಗಟ್ಟಿಯಾಯಿತು. ಈ ಆತಂಕವನ್ನು ಲಘುವಾಗಿ ಕಾಣುವುದು ಸಲ್ಲದು. ಗಡಿಯಲ್ಲಿ ಕನ್ನಡಕ್ಕಾಗಿ ದುಡಿದವರ ಅನುಭವದಿಂದ ಬಂದ ಮಾತು ಅದು. ಆದರೆ ಅದು ನಿಜವಾಗುವುದು, ಬಿಡುವುದು ಗೆರೆಯನ್ನು ಎಲ್ಲಿ ಎಳೆಯುತ್ತೇವೆ ಎಂಬುದರ ಮೇಲೆ ನಿಂತಿದೆ. ಚಿಕ್ಕೋಡಿ, ಗೋಕಾಕ ಭಾಗಗಳು ಬೇರೆಯಾದರೂ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಯರಗಟ್ಟಿಗಳು ಬೆಳಗಾವಿಯೊಡನೆಯೇ ಉಳಿಯುತ್ತವೆಯಾದರೆ, ಆ ಜಿಲ್ಲೆ ಅಚ್ಚ ಕನ್ನಡದ ವಿಶಾಲ ಸೀಮೆಯನ್ನು ಒಳಗೊಂಡೇ ಇರುತ್ತದೆ. ರಾಣಿ ಚನ್ನಮ್ಮನ ಕಿತ್ತೂರನ್ನು ಮಡಿಲಲ್ಲಿಟ್ಟುಕೊಂಡ ಜಿಲ್ಲೆಯ ಕನ್ನಡತನಕ್ಕೆ ಚ್ಯುತಿ ಬರುವುದು ಹೇಗೆ? ಬೈಲಹೊಂಗಲವನ್ನೂ ಪ್ರತ್ಯೇಕಿಸಬೇಕೆಂಬ ಬೇಡಿಕೆಯನ್ನು ಮಾತ್ರ ಈ ಕಾರಣಕ್ಕಾಗಿಯೇ ಬಹು ಎಚ್ಚರದಿಂದ ಪರಿಶೀಲಿಸಬೇಕಾಗುತ್ತದೆ.

ಇನ್ನೊಂದು ಮಾತು. 1966ರಲ್ಲಿ ನೇಮಕವಾದ ಮಹಾಜನ ಆಯೋಗ ಬೆಳಗಾವಿ ನಗರ ಕರ್ನಾಟಕದಲ್ಲೇ ಉಳಿಯಬೇಕೆಂದು ಮರುವರ್ಷ ವರದಿ ಕೊಟ್ಟಿತು. ಅಲ್ಲಿ 2006ರಲ್ಲಿ ಮೊದಲ ಬಾರಿಗೆ ವಿಧಾನಮಂಡಲದ ಅಧಿವೇಶನ ನಡೆಯಿತು. 2012ರ ಅಕ್ಟೋಬರ್ 11ರಂದು ರಾಷ್ಟ್ರಪತಿ ಪ್ರಣವ್ ಮುಖರ್ಜಿ ಅವರು ಸುವರ್ಣ ವಿಧಾನಸೌಧವನ್ನು ಉದ್ಘಾಟಿಸಿದರು. 2014ರ ನವೆಂಬರ್ 1ರಿಂದ ‘ಬೆಲ್ಗಾಂ’ ಅಧಿಕೃತವಾಗಿ ಬೆಳಗಾವಿಯಾಯಿತು. ರಾಜ್ಯದ ಎರಡನೆಯ ಶಕ್ತಿಕೇಂದ್ರವೆಂದು ನಾವೇ ಸಾರಿಕೊಂಡ ನಗರದ ಭವಿಷ್ಯ, ಅಥಣಿಯ ರೈತ 140 ಕಿಲೋಮೀಟರ್ ಪ್ರಯಾಣಿಸುವುದರ ಮೇಲೆ ನಿಂತಿದೆ ಎನ್ನುವುದು ನಮ್ಮ ಹಕ್ಕನ್ನು ನಾವೇ ಕಡಿಮೆ ಮಾಡಿಕೊಂಡಂತೆ. ಕಾಗವಾಡದ, ನಿಪ್ಪಾಣಿಯ ಜನ ಕರ್ನಾಟಕ ಸರ್ಕಾರವನ್ನು ಹತ್ತಿರದಿಂದ ಕಂಡಾಗಲೇ ಗಡಿ ಗಟ್ಟಿಯಾಗುವುದು. ದೂರದ ಸರ್ಕಾರ ಗಡಿಯನ್ನು ಸಡಿಲಗೊಳಿಸುತ್ತದೆ.

ಜಿಲ್ಲೆಯ ಗೆರೆಗಳೇನೂ ಶಿಲಾಶಾಸನಗಳಲ್ಲ. ಬೆಳಗಾವಿ ಜಿಲ್ಲೆಯೇ ಹುಟ್ಟಿದ್ದು 1836ರಲ್ಲಿ, ಅಂದಿನ ಧಾರವಾಡ ಜಿಲ್ಲೆಯನ್ನು ಒಡೆದಾಗ. ಚಿಕ್ಕೋಡಿ ಸೀಮೆ ಪೇಶ್ವೆ, ನಿಪ್ಪಾಣಿಕರ, ಕೊಲ್ಹಾಪುರ ಮತ್ತು ಬ್ರಿಟಿಷರ ನಡುವೆ ಕೈಯಿಂದ ಕೈಗೆ ಹೋದದ್ದು. ರಾಯಬಾಗ 1949ರ ವಿಲೀನದವರೆಗೆ ಕೊಲ್ಹಾಪುರ ಸಂಸ್ಥಾನದಲ್ಲಿತ್ತು. 1956ರ ಪುನರ್‌ವಿಂಗಡಣೆಯಲ್ಲಿ ಚಂದಗಡ ತಾಲ್ಲೂಕು ಬೆಳಗಾವಿಯಿಂದ ಕಳಚಿ ಆಚೆಗೆ ಹೋಯಿತು. ಆಡಳಿತದ ಅನುಕೂಲಕ್ಕೆ, ಅರಸರ ಅನುಕೂಲಕ್ಕೆ ಇಷ್ಟೆಲ್ಲ ಬದಲಾದ ಗೆರೆಗಳು ಜನರ ಅನುಕೂಲಕ್ಕಾಗಿ ಇನ್ನೊಮ್ಮೆ ಬದಲಾಗಬಾರದೆ?

ಎರಡನೆಯದು ನೆಲದ ಪ್ರಶ್ನೆ. ನಮ್ಮಲ್ಲಿ ಮನಾಗುವಾದ ಭೂಕಂಪವಿಲ್ಲ. ಆದರೆ ಕೃಷ್ಣೆಯಿದ್ದಾಳೆ, ದೂಧಗಂಗಾ, ವೇದಗಂಗಾಗಳಿವೆ. ಮಹಾರಾಷ್ಟ್ರದ ಸಹ್ಯಾದ್ರಿಯಲ್ಲಿ ಮಳೆ ಸುರಿದರೆ ಇಲ್ಲಿ ನೆರೆ. 2005, 2019 ಮತ್ತು 2021ರ ಪ್ರವಾಹಗಳಲ್ಲಿ ಈ ಐದೂ ತಾಲ್ಲೂಕುಗಳ ನದೀತೀರದ ಊರುಗಳು ತತ್ತರಿಸಿದವು. ಕಲ್ಲೋಳ–ಯಡೂರ, ಕುಡಚಿ–ಉಗಾರ ಸೇತುವೆಗಳು ಮುಳುಗಿದರೆ ನದಿಯ ಆಚೆ–ಈಚೆಗಳ ಸಂಪರ್ಕವೇ ಕಡಿದುಹೋಗುತ್ತದೆ. ವಿಚಿತ್ರವೆಂದರೆ, ಅಥಣಿ ತಾಲ್ಲೂಕಿನ ಒಂದು ಅಂಚು ನೆರೆಯಲ್ಲಿ ಮುಳುಗಿದಾಗಲೂ ಪೂರ್ವದ ಅಂಚು ಬರದಲ್ಲಿ ಬೇಯುತ್ತಿರುತ್ತದೆ. ಇಂತಹ ನಾಡಿಗೆ ನೆರೆ, ಬರಗಳೆರಡನ್ನೂ ಬಲ್ಲ, ಹತ್ತಿರದಲ್ಲೇ ಇರುವ ಜಿಲ್ಲಾಡಳಿತ ಬೇಕು. ಜೊತೆಗೆ, ಹೊಸ ಕೇಂದ್ರ ಎಲ್ಲಿಯೇ ಆಗಲಿ, ಅದು ನೆರೆಗಾಲದಲ್ಲೂ ಎಲ್ಲ ತಾಲ್ಲೂಕುಗಳಿಗೆ ತಲುಪುವಂತಿರಬೇಕು. ಯಾರ ಜಮೀನಿನ ಬೆಲೆ ಏರುತ್ತದೆ ಎಂಬ ಲೆಕ್ಕಕ್ಕಿಂತ ನೀರು ಎಲ್ಲಿಯವರೆಗೆ ಏರುತ್ತದೆ ಎಂಬ ಲೆಕ್ಕ ಮುಂಚೆ ಆಗಬೇಕು. ಚಿಕ್ಕೋಡಿ ಪಟ್ಟಣ ನದಿಯಿಂದ ದೂರವಿದೆ ಎಂಬುದು ಅದರ ಪರವಾದ ಅಂಶ. ರೈಲು ಅದರಿಂದಲೂ ದೂರವಿದೆ ಎಂಬುದು ವಿರುದ್ಧವಾದ ಅಂಶ. ‘ಚಿಕ್ಕೋಡಿ ರೋಡ್’ ಎಂಬ ನಿಲ್ದಾಣದ ಹೆಸರೇ ಅದನ್ನು ಹೇಳುತ್ತದೆ. ಹೀಗೆ ಒಂದೊಂದನ್ನೂ ತೂಗಿ ನೋಡಿ ತೀರ್ಮಾನಿಸಿದರೆ ಸೋತ ಊರಿನವರೂ ಒಪ್ಪುವ ಸಾಧ್ಯತೆ ಹೆಚ್ಚು.

ಮೂರನೆಯದು ಹಂಚಿಕೆಯ ಪ್ರಶ್ನೆ. ಜಿಲ್ಲೆಯೆಂದರೆ ಎಲ್ಲ ಕಚೇರಿಗಳೂ ಒಂದೇ ಆವರಣದಲ್ಲಿ ಇರಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. ಅವಳಿನಗರಗಳಾದ ಹುಬ್ಬಳ್ಳಿ–ಧಾರವಾಡದಲ್ಲಿ ಜಿಲ್ಲಾಡಳಿತ, ವಿಶ್ವವಿದ್ಯಾಲಯ, ಹೈಕೋರ್ಟ್ ಪೀಠಗಳು ಧಾರವಾಡದಲ್ಲಿವೆ. ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಹುಬ್ಬಳ್ಳಿಯಲ್ಲಿದೆ. ಎರಡೂ ಊರುಗಳು ಬಾಳುತ್ತಿವೆ. ಚಿಕ್ಕೋಡಿ ಜಿಲ್ಲೆಗೂ ಇದೇ ಮಾದರಿ ಹೊಂದುತ್ತದೆ. ಜಿಲ್ಲಾಧಿಕಾರಿ, ಪೊಲೀಸ್ ವರಿಷ್ಠಾಧಿಕಾರಿ, ಜಿಲ್ಲಾ ಪಂಚಾಯಿತಿ ಕಚೇರಿಗಳು ಚಿಕ್ಕೋಡಿಯಲ್ಲಿರಲಿ. ಅತಿ ದೂರದ ಅಥಣಿಗೆ ಉಪವಿಭಾಗವೂ ಪೂರ್ಣಪ್ರಮಾಣದ ದೊಡ್ಡ ಆಸ್ಪತ್ರೆಯೂ ಸಲ್ಲಲಿ. ಕಾಗವಾಡದ ರೋಗಿ, 1894ರಿಂದ ವಾನ್‌ಲೆಸ್ ಆಸ್ಪತ್ರೆಗೆ ಹೆಸರಾದ ಮೀರಜಿಗೇ ಹೋಗುತ್ತಿರುವುದು ಅಭಿಮಾನದ ಕೊರತೆಯಿಂದಲ್ಲ, ಆಸ್ಪತ್ರೆಯ ಕೊರತೆಯಿಂದ. ಹೆದ್ದಾರಿಯ ಮೇಲಿರುವ ನಿಪ್ಪಾಣಿಗೆ ಕೃಷಿ ಮಾರುಕಟ್ಟೆ ಮತ್ತು ಕೈಗಾರಿಕೆಗೆ ಸಂಬಂಧಿಸಿದ ಜಿಲ್ಲಾ ಕಚೇರಿಗಳು ಒಪ್ಪುತ್ತವೆ. 1981ರಲ್ಲಿ ತಂಬಾಕಿಗೆ ನ್ಯಾಯವಾದ ಬೆಲೆ ಕೇಳಿ ಹೆದ್ದಾರಿಯಲ್ಲಿ ಕುಳಿತ ಬೆಳೆಗಾರರು ಗೋಲಿಬಾರಿಗೆ ಬಲಿಯಾದ ಊರು ಅದು. ಬೆಳೆಗಾರನ ಅಹವಾಲು ಕೇಳುವ ಕಚೇರಿಗೆ ಅದಕ್ಕಿಂತ ಸೂಕ್ತ ಸ್ಥಳ ಮತ್ತೊಂದಿಲ್ಲ. ರೈಲು ಮಾರ್ಗ ಹಾದುಹೋಗುವ ರಾಯಬಾಗ ತಾಲ್ಲೂಕಿಗೆ ತಾಂತ್ರಿಕ ಶಿಕ್ಷಣದ ಸಂಸ್ಥೆ, ನೆರೆ–ನೀರಾವರಿಗಳ ನಿರ್ವಹಣೆಯ ಕೇಂದ್ರ ದೊರೆಯಲಿ. ಈ ಹಂಚಿಕೆಯನ್ನು ಜಿಲ್ಲಾ ರಚನೆಯ ಆದೇಶದಲ್ಲೇ ಬರೆದಿಡಬೇಕು. ಆಮೇಲೆ ನೋಡೋಣ ಎಂಬ ಆಶ್ವಾಸನೆಯನ್ನು ಈ ಭಾಗದ ಯಾವ ಊರೂ ಈಗ ನಂಬಲಾರದು.

ಹೊಸ ಜಿಲ್ಲೆಯೆಂದರೆ ಹೊಸ ವೆಚ್ಚ ಎಂಬ ಆಕ್ಷೇಪವಿದೆ. ಅದು ಸುಳ್ಳಲ್ಲ. ಆದರೆ ಲಕ್ಷಾಂತರ ಜನ ವರ್ಷ ವರ್ಷವೂ ಬಸ್ಸಿನ ಚೀಟಿಗೆ, ವಸತಿಗೆ, ಕಳೆದುಕೊಂಡ ಕೂಲಿಗೆ ತೆರುವ ವೆಚ್ಚ ಸರ್ಕಾರದ ಯಾವ ಲೆಕ್ಕಪತ್ರದಲ್ಲೂ ನಮೂದಾಗುವುದಿಲ್ಲ ಎಂಬುದನ್ನೂ ಮರೆಯಬಾರದು. ಗಣಕೀಕರಣದ ಕಾಲದಲ್ಲಿ ದೂರದ ಮಾತೇಕೆ ಎನ್ನುವವರೂ ಇದ್ದಾರೆ. ಪಹಣಿ ಪತ್ರ ಪರದೆಯ ಮೇಲೆ ಬರುತ್ತದೆ, ನಿಜ. ಆದರೆ ನೆರೆಯಲ್ಲಿ ಬಿದ್ದ ಮನೆಯ ಪರಿಹಾರದ ತಕರಾರು, ಜಮೀನಿನ ವ್ಯಾಜ್ಯ, ಆಸ್ಪತ್ರೆಯ ಹಾಸಿಗೆ ಪರದೆಯ ಮೇಲೆ ಬರುವುದಿಲ್ಲ.

2027ರ ಜನಗಣತಿಯ ಸಲುವಾಗಿ ಆಡಳಿತ ಘಟಕಗಳ ಗಡಿಗಳನ್ನು 2025ರ ಅಂತ್ಯಕ್ಕೆ ಸ್ಥಿರಗೊಳಿಸಲಾಯಿತು. ಗಣತಿ ಮುಗಿಯುವವರೆಗೆ ಗೆರೆ ಬದಲಿಸುವಂತಿಲ್ಲ ಎಂಬುದು ಕೈಕಟ್ಟಿ ಕೂರಲು ನೆಪವಾಗಬಾರದು. ಹಿಂದಿನ ಸಮಿತಿಗಳ ವರದಿಗಳನ್ನು ಜನರ ಮುಂದಿಡಲಿ. ಹುಕ್ಕೇರಿಯಂತೆ ಯಾವ ಕಡೆಗೆ ಸೇರಬೇಕೆಂಬ ಪ್ರಶ್ನೆಯಿರುವ ಭಾಗಗಳಲ್ಲಿ ಗ್ರಾಮಸಭೆಗಳ ಅಭಿಪ್ರಾಯ ಪಡೆಯಲಿ. ನೆಲದ, ನೆರೆಯ, ದಾರಿಯ ಸಮೀಕ್ಷೆ ನಡೆಯಲಿ. ಕಚೇರಿಗಳ ಹಂಚಿಕೆಯ ಕರಡು ಸಿದ್ಧವಾಗಲಿ. ಚಿಕ್ಕೋಡಿ ಮತ್ತು ಗೋಕಾಕಗಳ ಆದೇಶಗಳು 1997ರಲ್ಲಿ ಒಟ್ಟಿಗೇ ಬಂದಿದ್ದವು; ಮುಂದೆಯೂ ಒಟ್ಟಿಗೇ ಬರಲಿ. ಒಂದನ್ನು ಕೊಟ್ಟು ಇನ್ನೊಂದನ್ನು ಕಾಯಿಸಿದರೆ ಲಿಯೋನ್–ಗ್ರಾನಡಾಗಳ ಕತೆಯನ್ನು ನಾವೇ ಇಲ್ಲಿ ಮರಳಿ ಬರೆದಂತಾಗುತ್ತದೆ.

ಹೊಣೆ ಸರ್ಕಾರದ್ದಷ್ಟೇ ಅಲ್ಲ, ಈ ಭಾಗದ ಮುಖಂಡರದ್ದೂ ಹೌದು. ಚುನಾವಣೆ ಬಂದಾಗ ಜಿಲ್ಲೆಯ ಮಾತು, ಚುನಾವಣೆ ಮುಗಿದಾಗ ಮೌನ ಎಂಬ ಪರಿಪಾಠವನ್ನು ಎಲ್ಲ ಪಕ್ಷಗಳೂ ಪಾಲಿಸಿವೆ. ಐದೂ ತಾಲ್ಲೂಕುಗಳ ಜನಪ್ರತಿನಿಧಿಗಳು ಪಕ್ಷಭೇದ ಮರೆತು ಒಂದೇ ಮನವಿಗೆ ಸಹಿ ಹಾಕಿ, ಅದರಲ್ಲಿ ಕೇಂದ್ರ ಯಾವುದು, ಯಾವ ಊರಿಗೆ ಏನು ಎಂಬುದನ್ನು ತಾವೇ ಸ್ಪಷ್ಟವಾಗಿ ಬರೆದುಕೊಟ್ಟರೆ ಯಾವ ಸರ್ಕಾರಕ್ಕೂ ತಪ್ಪಿಸಿಕೊಳ್ಳಲು ದಾರಿ ಉಳಿಯದು. ಅಥಣಿಯವರು ಚಿಕ್ಕೋಡಿಗೆ ಸಹಿ ಹಾಕಬೇಕಾದರೆ ಚಿಕ್ಕೋಡಿಯವರು ಅಥಣಿಯ ಆಸ್ಪತ್ರೆಗೆ ಮೊದಲು ಸಹಿ ಹಾಕಬೇಕು. ಜಿಲ್ಲೆ ಆಗುವುದಾದರೆ ಆ ಸಹಿಗಳಿಂದಲೇ ಆರಂಭವಾಗಬೇಕು.